ಮಂಗೋಲಿಯಾ ಕಾಣದ ಮಂಗೋಲಿಯನ್ ಕಾವಲಿ



ಗುರುಗ್ರಾಮ, ನೋಯ್ಡಾ, ದಕ್ಷಿಣ ದೆಹಲಿ... ಎಲ್ಲೇ ಆಗಲಿ, ದೊಡ್ಡ ಹೋಟೆಲಿನ ಬಫೆಯಲ್ಲೋ ಅದ್ಧೂರಿ ಮದುವೆಯ ಊಟದ ಪೆಂಡಾಲಿನಲ್ಲೋ ನೀವು ಇದನ್ನು ನೋಡಿರುತ್ತೀರಿ. ಕೈಗೊಂದು ಖಾಲಿ ಬಟ್ಟಲು ಕೊಡುತ್ತಾರೆ. ಎದುರಿಗೆ ಸಾಲಾಗಿ ಹೆಚ್ಚಿಟ್ಟ ಎಲೆಕೋಸು, ದಪ್ಪ ಮೆಣಸಿನಕಾಯಿ, ಅಣಬೆ, ಬೇಬಿ ಕಾರ್ನ್, ಮೊಳಕೆ ಕಾಳು, ಪನೀರ್, ನೂಡಲ್ಸ್. ತಿನ್ನುವವರಿಗೆ ಕಾಗದದಷ್ಟು ತೆಳ್ಳಗೆ ಸೀಳಿದ ಕೋಳಿ, ಕುರಿ ಮಾಂಸ. ಆಮೇಲೆ ಸಾಸುಗಳ ಸಾಲು: ಸೋಯಾ, ಬೆಳ್ಳುಳ್ಳಿ, ಶುಂಠಿ, ಒಣಮೆಣಸಿನ ಎಣ್ಣೆ. ಬೇಕಾದ್ದನ್ನು ಬೇಕಾದಷ್ಟು ತುಂಬಿಕೊಂಡು ಕೊನೆಯಲ್ಲಿ ನಿಂತ ಅಡುಗೆಯವನ ಕೈಗೆ ಕೊಡಬೇಕು. ಅವನ ಮುಂದೆ ಗಾಡಿ ಚಕ್ರದಷ್ಟು ಅಗಲದ ಕಬ್ಬಿಣದ ಕಾವಲಿ. ನಿಮ್ಮ ಬಟ್ಟಲನ್ನು ಅದರ ಮೇಲೆ ಸುರಿದು, ಮಾರುದ್ದದ ಎರಡು ಕಡ್ಡಿಗಳಿಂದ ಹೊರಳಿಸಿ, ಎರಡು ಮೂರು ನಿಮಿಷದಲ್ಲಿ ತಟ್ಟೆಗೆ ತಳ್ಳಿ ಕೊಡುತ್ತಾನೆ. ಫಲಕದ ಮೇಲೆ ಬರೆದಿರುತ್ತದೆ: ಮಂಗೋಲಿಯನ್ ಗ್ರಿಲ್.

ಕನ್ನಡಿಗರಿಗೆ ಕಾವಲಿ ಹೊಸದೇನಲ್ಲ. ನೀರು ಚಿಮುಕಿಸಿದರೆ ಹನಿಗಳು ಮುತ್ತಿನಂತೆ ಓಡಾಡಬೇಕು, ಆಗಲೇ ದೋಸೆ ಹುಯ್ಯಬೇಕು ಅನ್ನುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಇಲ್ಲಿರುವುದೂ ಅದೇ ಲೆಕ್ಕ, ಕಾವು ಮಾತ್ರ ಇನ್ನೂ ಜಾಸ್ತಿ, ಸುಮಾರು 300 ಡಿಗ್ರಿ ಸೆಲ್ಸಿಯಸ್. ತರಕಾರಿ ಬಿಡುವ ನೀರು ನಿಲ್ಲದೆ ಆವಿಯಾಗಬೇಕು, ಆಗಲೇ ಘಮ. ಅದಕ್ಕೇ ಎಲ್ಲವನ್ನೂ ತೆಳ್ಳಗೆ ಹೆಚ್ಚುವುದು. 'ಒಂದು ಬಟ್ಟಲಿಗೆ ಒಂದೇ ದುಡ್ಡು' ಅಂತ ಗೋಪುರ ಕಟ್ಟಿಕೊಂಡು ಹೋದಿರೋ, ಕಾವಲಿ ತಣ್ಣಗಾಗಿ, ಹುರಿಯುವ ಬದಲು ಬೆಂದು, ಕೊನೆಗೆ ನಿಮಗೆ ಸಿಗುವುದು ಬರೀ ಪಲ್ಯ! ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಎಲ್ಲರ ಬಟ್ಟಲೂ ಬೀಳುವುದು ಒಂದೇ ಕಾವಲಿಯ ಮೇಲೆ. ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಎಂದು ಬಾಯಿಬಿಟ್ಟು ಕೇಳಬೇಕು.

ದೆಹಲಿಯ ಮದುವೆಗಳಲ್ಲಿ ಇದಕ್ಕೊಬ್ಬ ದಾಯಾದಿಯೂ ಇದ್ದಾನೆ, ತವಾ ಸಬ್ಜಿ. ದೊಡ್ಡ ತವಾದ ಅಂಚಿಗೆ ಹಾಗಲಕಾಯಿ, ಬೆಂಡೆಕಾಯಿ, ಕೆಸುವಿನ ಗೆಡ್ಡೆ, ಆಲೂಗಡ್ಡೆಯನ್ನು ಮೊದಲೇ ಕರಿದು ಜೋಡಿಸಿಟ್ಟಿರುತ್ತಾರೆ. ನೀವು ಬೆರಳು ತೋರಿಸಿದ್ದನ್ನು ನಡುವಿಗೆಳೆದು ಮಸಾಲೆಯಲ್ಲಿ ಹೊರಳಿಸಿ ಕೊಡುತ್ತಾರೆ. ಅಲ್ಲಿಗೆ ಈ 'ಮಂಗೋಲಿಯನ್' ಪದ್ಧತಿ ನಮಗೆ ಅಷ್ಟೇನೂ ದೂರದ್ದಲ್ಲ. ದೂರದ್ದು ಅದರ ಹೆಸರು. ಇವತ್ತಿನ ಮಾತುಕತೆ ಆ ಹೆಸರಿನದು.

ಗುರಾಣಿಯ ಮೇಲಿನ ಗುಲ್ಲು

ಇಂಥ ಹೋಟೆಲುಗಳ ಮೆನು ಕಾರ್ಡಿನಲ್ಲಿ ಸಾಮಾನ್ಯವಾಗಿ ಒಂದು ಕಥೆ ಇರುತ್ತದೆ. ಚೆಂಗೀಸ್ ಖಾನನ ಸೈನಿಕರು ದಿನವಿಡೀ ಕುದುರೆ ಓಡಿಸಿ, ಸಂಜೆ ಬಯಲಿನಲ್ಲಿ ಬೆಂಕಿ ಹಾಕಿ, ಗುರಾಣಿಯನ್ನು ಬೋರಲು ಹಾಕಿ, ಕತ್ತಿಯಿಂದ ಮಾಂಸ ಸೀಳಿ ಅದರ ಮೇಲೆ ಹುರಿದು ತಿನ್ನುತ್ತಿದ್ದರಂತೆ. ಅದೇ ಈ ಕಾವಲಿಯ ಮೂಲವಂತೆ.

ಕೇಳುವುದಕ್ಕೆ ಬಲು ಸೊಗಸು. ಆದರೆ ಮಂಗೋಲ ಸವಾರರ ಗುರಾಣಿಗಳು ಹೆಚ್ಚಾಗಿ ಹೆಣೆದ ಕಡ್ಡಿ ಮತ್ತು ಚರ್ಮದವು. ಬೆಂಕಿಯ ಮೇಲಿಟ್ಟರೆ ಮಾಂಸಕ್ಕಿಂತ ಮೊದಲು ಗುರಾಣಿಯೇ ಸುಟ್ಟೀತು! ಮಂಗೋಲಿಯಾದ ನಿಜವಾದ ಊಟವೇ ಬೇರೆ. ಬೇಯಿಸಿದ ಕುರಿ ಮಾಂಸ, ಕುದುರೆ ಹಾಲನ್ನು ಹುಳಿ ಬರಿಸಿದ ಐರಾಗ್, ಹಬೆಯಲ್ಲಿ ಬೆಂದ ಮಾಂಸದ ಕಡುಬಿನಂಥ ಬೂಜ್, ಮುಚ್ಚಿದ ಪಾತ್ರೆಯೊಳಗೆ ಕಾದ ಕಲ್ಲುಗಳನ್ನು ಹಾಕಿ ಬೇಯಿಸುವ ಖೋರ್ಖೋಗ್. ಹುಲ್ಲುಗಾವಲಿನ ದನಗಾಹಿಗಳಿಗೆ ಬೇಬಿ ಕಾರ್ನ್ ಎಲ್ಲಿ, ಮೊಳಕೆ ಕಾಳು ಎಲ್ಲಿ?

ತಮಾಷೆಯೆಂದರೆ, ಮಂಗೋಲರನ್ನು ಕಣ್ಣಾರೆ ಕಂಡ ಊರು ನಮ್ಮ ಈ ದೆಹಲಿ. ಚೆಂಗೀಸ್ ಖಾನ್ 1221ರಲ್ಲಿ ಸಿಂಧೂ ನದಿಯವರೆಗೆ ಬಂದು ಹಿಂದಿರುಗಿದ. ಅವನ ನಂತರದವರು ಮತ್ತೆ ಮತ್ತೆ ಬಂದರು. 1303ರಲ್ಲಿ ಮಂಗೋಲ ಸೇನೆ ದೆಹಲಿಯನ್ನೇ ಮುತ್ತಿತು. ಆಗ ಅಲ್ಲಾವುದ್ದೀನ್ ಖಿಲ್ಜಿ ಬೀಡುಬಿಟ್ಟು ನಿಂತದ್ದು ಸಿರಿಯಲ್ಲಿ. ಅಲ್ಲೇ ಕೋಟೆ ಕಟ್ಟಿಸಿದ. ನಾವು ಸಂಗೀತ ಕೇಳಲು ಹೋಗುವ ಸಿರಿ ಫೋರ್ಟ್ ಸಭಾಂಗಣದ ಹೆಸರು ಅಲ್ಲಿಂದ ಬಂದದ್ದು. ಕನ್ನಡದಲ್ಲಿ ಸಿರಿ ಎಂದರೆ ಸಂಪತ್ತು. ದೆಹಲಿಯ ಜನಕಥೆ ಆ ಹೆಸರಿಗೆ ಹೇಳುವ ಮೂಲ 'ಸರ್', ಅಂದರೆ ತಲೆ. ಮಂಗೋಲರ ತಲೆಗಳನ್ನು ಆ ಗೋಡೆಯಲ್ಲಿ ಹೂಳಿದರು ಅನ್ನುತ್ತದೆ ಆ ಕಥೆ. ಇದೇ ಖಿಲ್ಜಿಯ ಸೇನೆ ಮಲಿಕ್ ಕಾಫೂರನ ಹಿಂದೆ 1311ರಲ್ಲಿ ನಮ್ಮ ದ್ವಾರಸಮುದ್ರಕ್ಕೂ ಬಂತು, ಮೂರನೆಯ ಬಲ್ಲಾಳನನ್ನು ಮಣಿಸಿತು.

ಬಂದ ಮಂಗೋಲರೆಲ್ಲ ಯುದ್ಧ ಮಾಡಿ ಹಿಂದಿರುಗಲಿಲ್ಲ. 1292ರ ಸುಮಾರಿಗೆ ಕೆಲವರು ಇಸ್ಲಾಂ ಸ್ವೀಕರಿಸಿ ದೆಹಲಿಯ ಅಂಚಿನಲ್ಲೇ ಮನೆ ಮಾಡಿದರು. ಅವರ ಕೇರಿಗೆ ಮುಘಲ್‌ಪುರ ಎಂದು ಹೆಸರಾಯಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಾವುದ್ದೀನನಿಗೆ ಅವರಲ್ಲಿ ಕೆಲವರ ಮೇಲೆ ಸಂಚಿನ ಗುಮಾನಿ ಬಂತು. ಸಂಚು ಹೂಡಿದವರು ಯಾರು, ಹೂಡದವರು ಯಾರು ಎಂದು ವಿಂಗಡಿಸುವ ಗೋಜಿಗೆ ಹೋಗದೆ ಸಾವಿರಾರು ಜನರನ್ನು ಕೊಲ್ಲಿಸಿದ. ಮಂಗೋಲ ಎಂಬ ಹೆಸರಷ್ಟೇ ಸಾಕಾಗಿತ್ತು.

ಹೆಸರು ಬರೀ ಹೆಸರಲ್ಲ ಎಂಬುದಕ್ಕೆ ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ತೈಪೆಯ ಮಾತುಗಾರ

ಹಾಗಾದರೆ ಈ ಕಾವಲಿ ಹುಟ್ಟಿದ್ದೆಲ್ಲಿ? ತೈವಾನಿನ ತೈಪೆ ನಗರದಲ್ಲಿ, 1951ರಲ್ಲಿ. ಹುಟ್ಟಿಸಿದವನು ಬಾಣಸಿಗನೂ ಅಲ್ಲ, ಸೇನಾಪತಿಯೂ ಅಲ್ಲ. ವೂ ಝಾವೊನಾನ್ ಎಂಬ ಹಾಸ್ಯಗಾರ. ಇಬ್ಬರು ಕಲಾವಿದರು ಎದುರುಬದುರು ನಿಂತು ಮಾತಿಗೆ ಮಾತು ಪೋಣಿಸಿ ನಗಿಸುವ ಷಿಯಾಂಗ್‌ಷೆಂಗ್ ಎಂಬ ಚೀನೀ ಕಲೆಯಲ್ಲಿ ಮುಂದೆ ಬಹಳ ದೊಡ್ಡ ಹೆಸರು ಮಾಡಿದವನು. ಬರೀ ದನಿಯಿಂದಲೇ ಜನರನ್ನು ಹಿಡಿದಿಡುವ ಕಸುಬು. ಮೈಕಿನ ಮುಂದೆ ಕೂರುವ ನಮ್ಮಂಥವರಿಗೆ ಆತ ದೂರದ ನೆಂಟ ಅನ್ನಿಸಿದರೆ ತಪ್ಪಿಲ್ಲ.

ವೂ ಹುಟ್ಟಿದ್ದು 1926ರಲ್ಲಿ, ಬೀಜಿಂಗಿನಲ್ಲಿ. 1949ರಲ್ಲಿ ಚೀನಾದ ಅಂತರ್ಯುದ್ಧ ಮುಗಿದಾಗ ಕಮ್ಯುನಿಸ್ಟರು ಗೆದ್ದರು, ಸೋತ ರಾಷ್ಟ್ರೀಯವಾದಿ ಸರಕಾರ ತೈವಾನಿಗೆ ಹೋಯಿತು. ಆ ಗಲಾಟೆಯ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿದರು. ಇನ್ನೇನು ವರ್ಷದೊಳಗೆ ಹಿಂದಿರುಗುತ್ತೇವೆ ಎಂದುಕೊಂಡೇ ಹೋದವರು ಎಷ್ಟೋ ಮಂದಿ. ಹಿಂದಿರುಗುವ ದಾರಿ ದಶಕಗಳ ಕಾಲ ಮುಚ್ಚಿತ್ತು. ಹಾಗೆ ತೈಪೆ ಸೇರಿದವರಲ್ಲಿ ವೂ ಕೂಡ ಒಬ್ಬ.

ಬೀಜಿಂಗಿನವರಿಗೆ ಸುಟ್ಟ ಮಾಂಸವೆಂದರೆ ಪ್ರಾಣ. ಅಲ್ಲಿನ ಮುಸ್ಲಿಂ ಮನೆತನಗಳು ನಡೆಸಿಕೊಂಡು ಬಂದ ಎರಡು ಹಳೆಯ ಅಂಗಡಿಗಳಿವೆ. ಕಾವ್‌ರೌ ವಾನ್ 1686ರದ್ದು, ಕಾವ್‌ರೌ ಜಿ 1848ರದ್ದು. ಕಬ್ಬಿಣದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿದ ದುಂಡನೆಯ ಜಾಲರಿ, ಅದರಡಿ ಕಟ್ಟಿಗೆಯ ಬೆಂಕಿ. ಗಿರಾಕಿಗಳು ಸುತ್ತ ನಿಂತು, ಒಂದು ಕಾಲನ್ನು ಬೆಂಚಿನ ಮೇಲಿಟ್ಟು, ಉದ್ದನೆಯ ಕಡ್ಡಿಗಳಿಂದ ತಮ್ಮ ಮಾಂಸವನ್ನು ತಾವೇ ಹೊರಳಿಸಿಕೊಂಡು ತಿನ್ನುವುದು ಹಳೆಯ ಪದ್ಧತಿ. 'ನಿಮ್ಮ ಅಡುಗೆ ನೀವೇ' ಅನ್ನುವ ಮಾತಿನ ಬೇರು ಇಲ್ಲಿದೆ.

ಊರು ಬಿಟ್ಟವನಿಗೆ ಹೊಟ್ಟೆಪಾಡೂ ಬೇಕು, ಊರಿನ ರುಚಿಯೂ ಬೇಕು. ವೂ ತೈಪೆಯ ನದಿ ದಂಡೆಯಲ್ಲಿ ಅಂಗಡಿ ಹಾಕಿದ. ಬೀಜಿಂಗಿನ ಸುಟ್ಟ ಮಾಂಸದ ಜೊತೆಗೆ ತರಕಾರಿಗಳು, ಸಾಸುಗಳು ಸೇರಿದವು. ಜಪಾನೀಯರು ಕಬ್ಬಿಣದ ಹಲಗೆಯ ಮೇಲೆ ಮಾಡುವ ತೆಪ್ಪನ್‌ಯಾಕಿಯ ಛಾಯೆಯೂ ಈ ಅಡುಗೆಯಲ್ಲಿ ಇದೆ. ತೈವಾನ್ 1895ರಿಂದ 1945ರವರೆಗೆ ಜಪಾನಿನ ಕೈಯಲ್ಲಿತ್ತಲ್ಲವೇ?

ಹೆಸರು ಮಾತ್ರ ಬಾಕಿ ಉಳಿಯಿತು. 'ಬೀಜಿಂಗ್ ಬಾರ್ಬೆಕ್ಯೂ' ಅನ್ನುವುದು ಅವನ ಮನಸ್ಸಿನಲ್ಲಿದ್ದ ಹೆಸರು. ಇಡುವ ಹಾಗಿರಲಿಲ್ಲ! ಆ ನಗರಕ್ಕೆ ರಾಷ್ಟ್ರೀಯವಾದಿಗಳು 1928ರಲ್ಲೇ ಬೇಪಿಂಗ್ ಎಂದು ಹೆಸರು ಬದಲಾಯಿಸಿದ್ದರು. 'ಜಿಂಗ್' ಎಂದರೆ ರಾಜಧಾನಿ, ತಮ್ಮ ರಾಜಧಾನಿ ಅದಲ್ಲ ಎಂಬುದು ಅವರ ವಾದ. 1949ರಲ್ಲಿ ಕಮ್ಯುನಿಸ್ಟರು ಅದನ್ನು ಮತ್ತೆ ಬೀಜಿಂಗ್ ಮಾಡಿ ರಾಜಧಾನಿಯಾಗಿಸಿದರು. ಅಲ್ಲಿಗೆ ತೈಪೆಯಲ್ಲಿ 'ಬೀಜಿಂಗ್' ಎಂದು ಬರೆಯುವುದೆಂದರೆ ಶತ್ರುವಿನ ರಾಜಧಾನಿಯನ್ನು ಒಪ್ಪಿಕೊಂಡ ಹಾಗೆ. 1949ರಲ್ಲಿ ಹೇರಿದ ಸೇನಾ ಕಾನೂನು 1987ರವರೆಗೂ ಅಲ್ಲಿ ಜಾರಿಯಲ್ಲಿತ್ತು. ಒಂದು ಮಾತು ಹೆಚ್ಚುಕಮ್ಮಿಯಾದರೆ ಜೈಲು. ಹೀಗಾಗಿ ಯಾರಿಗೂ ಕೋಪ ಬರದಷ್ಟು ದೂರದ ಹೆಸರೊಂದನ್ನು ಆರಿಸಿದ: ಮಂಗೋಲಿಯನ್ ಬಾರ್ಬೆಕ್ಯೂ.

ಯೋಚಿಸಿ ನೋಡಿ. ತಾನು ಹುಟ್ಟಿದ ಊರಿನ ಹೆಸರನ್ನು ತನ್ನದೇ ಅಂಗಡಿಯ ಫಲಕದ ಮೇಲೆ ಬರೆಯಲು ಒಬ್ಬ ಮಾತುಗಾರನಿಗೆ ಸಾಧ್ಯವಾಗಲಿಲ್ಲ. ಕೋಟ್ಯಂತರ ಜನ ಉಣ್ಣುವ ಊಟಕ್ಕೆ ಅವನ ಊರಿನ ಹೆಸರೂ ಉಳಿಯಲಿಲ್ಲ, ಅವನ ಹೆಸರೂ ಉಳಿಯಲಿಲ್ಲ. ವೂ 2018ರಲ್ಲಿ ಅಮೆರಿಕದಲ್ಲಿ ತೀರಿಕೊಂಡ.

ಅವನ ಕಾವಲಿ ಅವನಿಗಿಂತ ಹೆಚ್ಚು ತಿರುಗಿತು. ಅಮೆರಿಕದಲ್ಲಿ 1990ರ ದಶಕದಲ್ಲಿ ಇದರದ್ದೇ ಸರಣಿ ಹೋಟೆಲುಗಳು ಹುಟ್ಟಿಕೊಂಡವು. ಮಿಷಿಗನ್‌ನಲ್ಲಿ 1992ರಲ್ಲಿ ಶುರುವಾದ ಅಂಥದೊಂದು ಸರಣಿ 2005ರಲ್ಲಿ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರಿನಲ್ಲೇ ಶಾಖೆ ತೆರೆಯಿತು. ಹೀಗೆ ಮಂಗೋಲಿಯನ್ನರಿಗೆ 'ಮಂಗೋಲಿಯನ್' ಊಟ ಬಡಿಸಿದ್ದು ಅಮೆರಿಕದವರು!

ಫಲಕಕ್ಕೆ ಮುಚ್ಚಿದ ಬಟ್ಟೆ

ತೈಪೆಯ ಕಥೆ ಕೇಳಿ 'ಅಯ್ಯೋ ಪಾಪ, ಅಲ್ಲಿ ಹಾಗಂತೆ' ಎಂದು ಸುಮ್ಮನಾಗುವ ಹಾಗಿಲ್ಲ. ನಮ್ಮ ಕಡೆಯದನ್ನೂ ನೋಡೋಣ.

1947ರಲ್ಲಿ ದೇಶ ವಿಭಜನೆಯಾದಾಗ ಪೇಶಾವರದಿಂದ ದೆಹಲಿಗೆ ಬಂದವರಲ್ಲಿ ಕುಂದನ್ ಲಾಲ್ ಗುಜ್ರಾಲ್ ಒಬ್ಬರು. ಅಲ್ಲಿದ್ದ ಮೋತಿ ಮಹಲ್ ಎಂಬ ಹೆಸರನ್ನೇ ದರಿಯಾಗಂಜ್‌ಗೆ ತಂದು, ಜೊತೆಗಾರರೊಡನೆ ಹೋಟೆಲು ತೆರೆದರು. ದೆಹಲಿಯ ಊಟವೆಂದು ಜಗತ್ತು ತಿಳಿದಿರುವ ತಂದೂರಿ ಕೋಳಿ, ಬೆಣ್ಣೆ ಕೋಳಿ ಎರಡೂ ನಿರಾಶ್ರಿತರ ಕೈರುಚಿ. ಬೆಣ್ಣೆ ಕೋಳಿಯನ್ನು ಮೊದಲು ಮಾಡಿದವರು ಯಾರು ಎಂಬ ಜಗಳ ಮುಂದಿನ ಪೀಳಿಗೆಗಳ ನಡುವೆ 2024ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಅದೇ ವಿಭಜನೆಯಲ್ಲಿ ಕರಾಚಿ ಬಿಟ್ಟು ಬಂದ ಸಿಂಧಿ, ಖಾನ್‌ಚಂದ್ ರಾಮ್ನಾನಿ. 1953ರಲ್ಲಿ ಹೈದರಾಬಾದಿನಲ್ಲಿ ಬೇಕರಿ ಇಟ್ಟರು. ಬಿಟ್ಟು ಬಂದ ಊರಿನ ನೆನಪಿಗೆ ಅದಕ್ಕೆ ಕರಾಚಿ ಬೇಕರಿ ಎಂದು ಹೆಸರಿಟ್ಟರು. 2019ರ ಫೆಬ್ರುವರಿಯಲ್ಲಿ, ಪುಲ್ವಾಮಾ ದಾಳಿಯ ನಂತರ, ನಮ್ಮ ಬೆಂಗಳೂರಿನ ಇಂದಿರಾನಗರದ ಶಾಖೆಯ ಮುಂದೆ ಗುಂಪು ಸೇರಿತು. ಅಂಗಡಿಯವರು 'ಕರಾಚಿ' ಎಂಬ ಅಕ್ಷರಗಳಿಗೆ ಬಟ್ಟೆ ಮುಚ್ಚಬೇಕಾಯಿತು. ಪಾಕಿಸ್ತಾನದಿಂದ ಮನೆಮಠ ಕಳೆದುಕೊಂಡು ಬಂದವರ ಅಂಗಡಿಗೆ ಪಾಕಿಸ್ತಾನದ ಹಣೆಪಟ್ಟಿ! ತೈಪೆಯ ವೂ ಮೊದಲೇ ಹೆದರಿ ಹೆಸರು ಬಿಟ್ಟ. ಇವರು ಬೇಕೆಂದೇ ಇಟ್ಟುಕೊಂಡ ಹೆಸರನ್ನು ಅರವತ್ತಾರು ವರ್ಷದ ಮೇಲೆ ಮುಚ್ಚಿಕೊಂಡರು.

2025ರ ಮೇ ತಿಂಗಳಲ್ಲಂತೂ ಸರದಿ ನಮ್ಮ ಮೈಸೂರು ಪಾಕಿನದಾಯಿತು. ಜೈಪುರದ ಕೆಲವು ಮಿಠಾಯಿ ಅಂಗಡಿಗಳು 'ಪಾಕ್' ಎಂಬ ಶಬ್ದ ಬೇಡವೆಂದು ಅದನ್ನು 'ಮೈಸೂರು ಶ್ರೀ' ಎಂದು ಕರೆದವು. ಕನ್ನಡ ಓದಿದ ಯಾವ ಹುಡುಗನಾದರೂ ಹೇಳಿಯಾನು, ಪಾಕ ಎಂದರೆ ಅಡುಗೆ, ಪಾಕ ಎಂದರೆ ಕುದಿಸಿದ ಸಕ್ಕರೆ ನೀರು. ನಳಪಾಕ, ಭೀಮಪಾಕ ಅನ್ನುವುದಿಲ್ಲವೇ? ಎಳೆ ಪಾಕ ತೆಗೆಯುವುದು ಗೊತ್ತಿಲ್ಲದಿದ್ದರೆ ಮೈಸೂರು ಪಾಕು ಕಲ್ಲಾಗುತ್ತದೆ ಅಷ್ಟೆ, ದೇಶದ್ರೋಹವಾಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆ ಮನೆಯಲ್ಲಿ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂಬುದು ಮೈಸೂರಿನ ನಂಬಿಕೆ. ಆ ಮನೆತನದವರೂ ಹೆಸರು ಬದಲಾವಣೆಯನ್ನು ಒಪ್ಪಲಿಲ್ಲ. ಆಗ ನಗಾಡಿದ ನಾವೆಲ್ಲ ಒಳಗೊಳಗೇ ನೊಂದುಕೊಂಡಿದ್ದೂ ನಿಜ.

ಬೇರೆಯವರು ಇಟ್ಟ ಹೆಸರು

ಇದು ಹೆಸರು ಕಿತ್ತುಕೊಂಡವರ ಕಥೆಯಾಯಿತು. ಹೆಸರು ಅಂಟಿಸಿದವರ ಕಥೆ ಇನ್ನೊಂದು.

ದೆಹಲಿಯ ಹೋಟೆಲಿನ ಮೆನುವಿನಲ್ಲಿ 'ಮುಘಲಾಯಿ' ಎಂಬ ಪುಟವನ್ನು ನೋಡಿ. ಮುಘಲ್ ಅನ್ನುವುದು 'ಮಂಗೋಲ' ಎಂಬುದರ ಪರ್ಷಿಯನ್ ರೂಪ. ಅಲ್ಲಿಗೆ 'ಮುಘಲಾಯಿ' ಪುಟ, 'ಮಂಗೋಲಿಯನ್' ಪುಟ ಎರಡೂ ಒಂದೇ ಹೆಸರು! ಬಾಬರ್ ತಾಯಿಯ ಕಡೆಯಿಂದ ಚೆಂಗೀಸ್ ಖಾನನ ವಂಶದವನು ನಿಜ. ಆದರೆ ತಂದೆಯ ಕಡೆಯಿಂದ ತೈಮೂರನ ಪೀಳಿಗೆ ಅನ್ನುವುದೇ ಅವನಿಗೆ ಹೆಮ್ಮೆ. ತನ್ನ ಆತ್ಮಚರಿತ್ರೆಯಲ್ಲಿ ಆತ ಮೊಗಲರ ಬಗ್ಗೆ ಬರೆದದ್ದು ಬಹುಮಟ್ಟಿಗೆ ಬೈಗುಳವೇ. ಅಂಥವನ ವಂಶಕ್ಕೆ ಬೇರೆಯವರು ಇಟ್ಟ ಹೆಸರು ಮುಘಲ್. ಉಳಿದದ್ದು ಅದೇ.

ಇನ್ನು ಗೋಬಿ ಮಂಚೂರಿ. ಬೆಂಗಳೂರಿನ ತಳ್ಳುಗಾಡಿಯಿಂದ ಹುಬ್ಬಳ್ಳಿಯ ಸಂತೆಯವರೆಗೆ ಇದಿಲ್ಲದ ಸಂಜೆಯಿಲ್ಲ. ಕೃತಕ ಬಣ್ಣ ಹಾಕಬೇಡಿ ಎಂದು ಕರ್ನಾಟಕ ಸರಕಾರ 2024ರ ಮಾರ್ಚಿನಲ್ಲಿ ಆದೇಶವನ್ನೇ ಹೊರಡಿಸಬೇಕಾಯಿತು. ಚೀನಾದ ಮಂಚೂರಿಯಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕೋಲ್ಕತ್ತಾದಲ್ಲಿ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯಲ್ಲಿ ಹಸಿಮೆಣಸು, ಬೆಳ್ಳುಳ್ಳಿ, ಶುಂಠಿಗೆ ಸೋಯಾ ಸಾಸು ಬೆರೆಸಿ ಮಾಡಿದ ಕೋಳಿಯ ತಿನಿಸು ಇದರ ಮೂಲ ಎನ್ನುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಅದು ನಮ್ಮದಾಯಿತು.

ಆದರೆ ಆ ರುಚಿಯನ್ನು ನಮಗೆ ಕೊಟ್ಟ ಸಮುದಾಯಕ್ಕೆ ನಾವು ಕೊಟ್ಟದ್ದೇನು? 1962ರ ಯುದ್ಧ ಶುರುವಾದ ಮೇಲೆ ಅಸ್ಸಾಂ, ಬಂಗಾಳಗಳಿಂದ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರೈಲಿಗೆ ಹತ್ತಿಸಿ ರಾಜಸ್ಥಾನದ ದೇವಲಿಯ ಶಿಬಿರಕ್ಕೆ ತಂದರು. ಎಷ್ಟೋ ಜನ ಇಲ್ಲೇ ಹುಟ್ಟಿ ಬೆಳೆದವರು, ಚೀನಾ ಹೇಗಿದೆಯೆಂದು ಕಂಡವರಲ್ಲ. ಕೆಲವರು 1967ರವರೆಗೂ ಅಲ್ಲೇ ಇದ್ದರು. ಖಿಲ್ಜಿಯ ಕಾಲದ ಮುಘಲ್‌ಪುರದವರ ಮಾತು ನೆನಪಿಟ್ಟುಕೊಳ್ಳಿ ಎಂದಿದ್ದು ಇದಕ್ಕೇ. ಆರೂವರೆ ಶತಮಾನ ಕಳೆದರೂ ಹೆಸರು ನೋಡಿ ಮನುಷ್ಯನನ್ನು ಅಳೆಯುವ ಚಾಳಿ ಹೋಗಿರಲಿಲ್ಲ.

'ಆಪ್ ಮದ್ರಾಸಿ ಹೈ ನಾ?'

ಕೊನೆಗೆ ನಮ್ಮ ಮನೆ ಬಾಗಿಲಿಗೇ ಬರೋಣ. ದೆಹಲಿಯಲ್ಲಿ ಹತ್ತು ವರ್ಷ ಬಾಳಿದ ಕನ್ನಡಿಗರಲ್ಲಿ ಈ ಪ್ರಶ್ನೆ ಕೇಳಿಸಿಕೊಳ್ಳದವರು ಸಿಗುವುದು ಅಪರೂಪ. ನೀವು ಬೀದರಿನವರಾಗಿರಿ, ಕಾರವಾರದವರಾಗಿರಿ, ನೆರೆಮನೆಯ ಆಂಟಿಗೆ ನೀವು ಮದ್ರಾಸಿ. ನೀವು ಮಾಡಿದ ದೋಸೆಯೂ ಮದ್ರಾಸಿ.

ಇದರ ಹಿಂದೆ ಒಂದು ಇತಿಹಾಸವೂ ಇದೆ, ಅನ್ನಿ. ಉಡುಪಿ, ಕಾರ್ಕಳ, ಮಂಗಳೂರೆಲ್ಲ 1956ರ ಅಕ್ಟೋಬರ್ ಕೊನೆಯವರೆಗೆ ಮದ್ರಾಸ್ ರಾಜ್ಯಕ್ಕೆ ಸೇರಿದ್ದವು. ಅಲ್ಲಿಯವರೆಗೆ ಉಡುಪಿಯ ಅಡುಗೆ ಭಟ್ಟರು ಕಾಗದಪತ್ರದ ಲೆಕ್ಕದಲ್ಲಿ ಮದ್ರಾಸಿನವರೇ. ಆ ನವೆಂಬರ್ 1ರಂದು ನಾಡು ಒಂದಾಯಿತು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕ ಎಂದು ಹೆಸರಾಯಿತು. ಗಡಿ ಬದಲಾಯಿತು, ಸರಕಾರ ಬದಲಾಯಿತು, 1996ರಲ್ಲಿ ಮದ್ರಾಸು ತಾನೇ ಚೆನ್ನೈ ಆಯಿತು. ನಮ್ಮ ಮೇಲಿನ 'ಮದ್ರಾಸಿ' ಚೀಟಿ ಮಾತ್ರ ಹಾಗೇ ಅಂಟಿಕೊಂಡಿದೆ!

ಕಾರ್ಕಳದಿಂದ ಬಂದ ಜಯರಾಮ್ ಬನಾನ್ ಅವರು 1986ರಲ್ಲಿ ಡಿಫೆನ್ಸ್ ಕಾಲೋನಿ ಮಾರುಕಟ್ಟೆಯಲ್ಲಿ 'ಸಾಗರ್' ತೆರೆದರು. ಅದೇ ಮುಂದೆ ಸಾಗರ್ ರತ್ನವಾಗಿ ಉತ್ತರ ಭಾರತಕ್ಕೆಲ್ಲ ದೋಸೆ ಹಂಚಿತು. ಅಲ್ಲಿ ಸಾಂಬಾರಿಗೆ ವಡೆ ಅದ್ದಿಕೊಂಡು ತಿನ್ನುವ ಪಂಜಾಬಿ ಕುಟುಂಬಕ್ಕೆ ಅದು 'ಸೌತ್ ಇಂಡಿಯನ್'. ಅದರ ಹಿಂದೆ ಕಾರ್ಕಳ ಎಂಬ ಊರಿದೆ, ತುಳು-ಕನ್ನಡ ಆಡುವ ಕೈಗಳಿವೆ ಎಂದು ಎಷ್ಟು ಜನಕ್ಕೆ ಗೊತ್ತು? ಬೀಜಿಂಗಿನವನ ಅಡುಗೆ ಮಂಗೋಲಿಯನ್ ಆದ ಹಾಗೆಯೇ ಕಾರ್ಕಳದವರ ಕಾವಲಿ ಮದ್ರಾಸಿಯಾಯಿತು.

ಇದಕ್ಕೆ ಜಗಳವಾಡಬೇಕೇ? ಬೇಡ. ಹೆಸರು ತಪ್ಪಾದ ಮಾತ್ರಕ್ಕೆ ರುಚಿ ಕೆಡುವುದಿಲ್ಲ. ಊರು ಬಿಟ್ಟವರು ಹೊಸ ಊರಿನಲ್ಲಿ ಸಿಕ್ಕ ಸಾಮಾನುಗಳಿಂದ ಹಳೆಯ ಊರನ್ನು ಮತ್ತೆ ಕಟ್ಟಿಕೊಳ್ಳುವಾಗ ಹುಟ್ಟುವುದೇ ಇಂಥ ಅಡುಗೆ. ಅದರಲ್ಲಿ ಬೆರಕೆಯೂ ಸಹಜ, ತಪ್ಪು ಹೆಸರೂ ಸಹಜ. ಆದರೆ ಹೆಸರು ಇಡುವವರ ಕೈಯಲ್ಲಿ ಯಾವಾಗಲೂ ಅಧಿಕಾರವಿರುತ್ತದೆ, ಅಡುಗೆ ಮಾಡುವವರ ಕೈಯಲ್ಲಿ ಬಹಳ ಸಲ ಅದಿರುವುದಿಲ್ಲ. ವೂ ಹೆದರಿ ಹೆಸರು ಬದಲಾಯಿಸಿದ್ದಕ್ಕೆ ಅವನನ್ನು ತಮಾಷೆ ಮಾಡುವ ಮೊದಲು ಇಂದಿರಾನಗರದ ಆ ಬಟ್ಟೆಯನ್ನು ನೆನೆಯಬೇಕು. 'ಮದ್ರಾಸಿ' ಎಂದಾಗ ನಮಗೆ ಚುಚ್ಚುತ್ತದೆ ಅನ್ನುವುದಾದರೆ, ಈಶಾನ್ಯ ರಾಜ್ಯಗಳ ಮಕ್ಕಳನ್ನು ಇದೇ ದೆಹಲಿಯ ಬೀದಿಗಳಲ್ಲಿ 'ಚೀನಿ' ಎಂದು ಕರೆದಾಗ ಅವರಿಗೆ ಎಷ್ಟು ಚುಚ್ಚೀತು ಎಂದೂ ಯೋಚಿಸಬೇಕು. ಅವರ ಊರಿನ ಹೆಸರು ಕೇಳಿ ತಿಳಿದುಕೊಳ್ಳುವುದಕ್ಕೆ ಒಂದು ನಿಮಿಷ ಸಾಕು. ಕಾವಲಿಯ ಮೇಲೆ ನೂಡಲ್ಸ್ ಬೇಯುವುದಕ್ಕಿಂತ ಕಡಿಮೆ ಹೊತ್ತು!

ಮುಂದಿನ ಸಲ ಮಂಗೋಲಿಯನ್ ಕಾವಲಿಯ ಮುಂದೆ ಬಟ್ಟಲು ಹಿಡಿದು ಸರದಿಯಲ್ಲಿ ನಿಂತಾಗ, ಪಕ್ಕದಲ್ಲಿ ನಿಂತ ಮಕ್ಕಳಿಗೆ ಗುರಾಣಿಯ ಕಥೆಯ ಬದಲು ತೈಪೆಯ ಮಾತುಗಾರನ ಕಥೆ ಹೇಳಿ. ಅವನು ಬರೆಯಲಾಗದೇ ಹೋದ ಊರಿನ ಹೆಸರನ್ನೂ ಹೇಳಿ.

ನಿಮ್ಮ ಮನೆಯ ಯಾವ ತಿಂಡಿಗೆ ಅಕ್ಕಪಕ್ಕದವರು ಯಾವ ಹೆಸರಿಟ್ಟಿದ್ದಾರೆ? ನಾಲ್ಕು ಸಾಲು ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದೋಣ. ಅಲ್ಲಿಯವರೆಗೆ ಹೊಟ್ಟೆ ತುಂಬ ಉಣ್ಣಿ, ಕಿವಿ ತುಂಬ ಕೇಳಿ.